ತೊಳೆದವರು ಹೇಳುವಂತಿಲ್ಲ

"ಹೆಣ ತೊಳೆದದ್ದು ಯಾರು?"

ಇನ್ಸ್‌ಪೆಕ್ಟರ್ ಮೊದಲ ಸಲ ಕೇಳಿದಾಗ ಸಲಿಕೆಗಳು ನಿಂತಿದ್ದವು. ಎರಡನೇ ಸಲಕ್ಕೆ ಪೊರಕೆಗಳೂ ನಿಂತವು.

ಅದು ಔಷಧದಂಗಡಿಯ ಹಿಂದಿನ ಕೋಣೆ, ಕೆಲವು ದಿನಗಳ ಹಿಂದೆ ಅಂಗಡಿಯವನ ಹೆಣ ಸಿಕ್ಕಿದ್ದ ಜಾಗ. ಗೋಡೆಯ ಮೇಲೆ, ಆಳಿನ ಎದೆಯೆತ್ತರಕ್ಕೆ, ನೀರು ನಿಂತ ಗುರುತು ಗೆರೆ ಎಳೆದಂತೆ ಉಳಿದಿತ್ತು. ಗೆರೆಯ ಮೇಲೆ ಮದುವೆಯ ಫೋಟೊ, ನಿನ್ನೆ ತೂಗುಹಾಕಿದಂತೆ. ಗೆರೆಯ ಕೆಳಗೆ ಎಲ್ಲದಕ್ಕೂ ಒಂದೇ ಬಣ್ಣ. ಮಾತ್ರೆಯ ಪಟ್ಟಿಗಳು, ಉಬ್ಬಿದ ರಟ್ಟಿನ ಪೆಟ್ಟಿಗೆಗಳು, ಕುರ್ಚಿಯ ಕಾಲು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತಿತ್ತು.

"ತೊಳೆದದ್ದು ನಾವು," ಎಂದಳು ದೊಡ್ಡಕ್ಕ.

ಹೆಸರೇನೇ ಇರಲಿ, ಊರಿಗೆಲ್ಲ ಅವಳು ದೊಡ್ಡಕ್ಕ. ನಿವೃತ್ತ ಮುಖ್ಯೋಪಾಧ್ಯಾಯಿನಿ. ನೆರೆ ಬಂದ ರಾತ್ರಿಯ ಮಾರನೇ ಬೆಳಿಗ್ಗೆಯೇ ದೂರದ ಪ್ರಾರ್ಥನಾಮಂದಿರವೊಂದರಿಂದ ಲಾರಿಯಲ್ಲಿ ಬಂದ ಸೇವಾಬಳಗಕ್ಕೆ ಯಜಮಾನಿ. ಮೊಣಕಾಲಿನ ತನಕ ರಬ್ಬರ್ ಬೂಟು, ಎದೆಗೆ ಏಪ್ರನ್, ಎಡಗೈಗೆ ಹಳದಿ ದಾರದಲ್ಲಿ ಪೋಣಿಸಿದ ಒಂದು ಮರದ ಮಣಿ. ಬಳಗದ ಎಲ್ಲರ ಕೈಯಲ್ಲೂ ಅಂಥದೇ ಮಣಿ. ಸೇರಿದ ದಿನ ಕಟ್ಟುವುದು, ಸಾಯುವ ತನಕ ಬಿಚ್ಚುವಂತಿಲ್ಲ. ಯಾರ ಮನೆಯ ಕೆಸರು ತೆಗೆಯಲು ಹೋದರೂ ಹೊಸ್ತಿಲ ಹೊರಗೆ ನಿಂತು ಒಂದು ಹಾಡು ಹೇಳಿಯೇ ಒಳಗೆ ಕಾಲಿಡುತ್ತಿದ್ದರು. ದೇವರನ್ನು ನಂಬದವರ ಮನೆಯಾದರೂ ಅಷ್ಟೇ.

"ಪೊಲೀಸರು ಬರೋ ಮೊದಲೇ?"

"ಹೇಳಿ ಕಳಿಸಿದ್ದೆವು. ನೀವು ಬರೋದರೊಳಗೆ ತೊಳೆದು ಮುಗಿಸಿದ್ದೆವು."

"ಅದು ಸಾಕ್ಷ್ಯ, ದೊಡ್ಡಕ್ಕ."

"ನಿಮಗೆ ಸಾಕ್ಷ್ಯ. ನಮಗೆ ಮನುಷ್ಯ. ಕೆಸರಲ್ಲಿ ಮುಖ ಹುಗಿದು ಬಿದ್ದಿದ್ದ. ಹಾಗೇ ಬಿಟ್ಟು ನಿಮ್ಮ ಜೀಪಿಗೆ ಕಾಯಬೇಕಿತ್ತಾ?"

ಆ ದಿನ ಜೀಪು ಬರುವ ಹಾಗೂ ಇರಲಿಲ್ಲ. ಸಿಕ್ಕ ಹೆಣಗಳಿಗೆಲ್ಲ ಆಸ್ಪತ್ರೆಯ ವೈದ್ಯರು ಬಟ್ಟೆ ಸರಿಸಿಯೂ ನೋಡದೆ ಒಂದೇ ಕಾರಣ ಬರೆದಿದ್ದರು: ಮುಳುಗಿ ಸಾವು. ಇನ್ಸ್‌ಪೆಕ್ಟರೂ ಕೆಳಗೆ ಸಹಿ ಹಾಕಿದ್ದಳು.

ಔಷಧದಂಗಡಿಯವನು ನೆರೆಯ ರಾತ್ರಿ ಮುಳುಗಿ ಸತ್ತ ಎಂಬುದನ್ನು ಊರೆಲ್ಲ ಒಪ್ಪಿತ್ತು. ಒಪ್ಪದವಳು ಒಬ್ಬಳೇ, ಅವನ ಹೆಂಡತಿ.

ಅವಳು ಈಗ ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. ಅಳದೆ ಇದ್ದದ್ದೇ ಊರಿನ ಪಾಲಿಗೆ ಅವಳ ಮೇಲಿನ ದೊಡ್ಡ ಸಾಕ್ಷಿಯಾಗಿತ್ತು.

ಠಾಣೆಗೆ ದಿನವೂ ಬಂದು ಅವಳು ಹೇಳುತ್ತಿದ್ದದ್ದು ಒಂದೇ ಮಾತು. "ಆ ರಾತ್ರಿ ಮೂರು ಜನವೂ ತಾರಸಿ ಮೇಲೇ ಇದ್ದೆವು. ಬೆಳಿಗ್ಗೆ ನೀರು ಸೊಂಟಕ್ಕಿಳಿದಾಗ ಔಷಧ ಏನಾದರೂ ಉಳಿದಿದೆಯಾ ನೋಡ್ತೀನಿ ಅಂತ ಇವರು ಕೆಳಗಿಳಿದರು. ಪುಟ್ಟಿ ಅಪ್ಪನ ಹಿಂದೆ ಅರ್ಧ ಮೆಟ್ಟಿಲಿಗೆ ಹೋಗಿ ವಾಪಸ್ ಬಂದಳು. ಇವರು ಬರಲಿಲ್ಲ. ಕೂಗಿದೆ. ಆಮೇಲೆ ಯಾರೋ ಹಗ್ಗ ಕಟ್ಟಿ ನಮ್ಮನ್ನ ಇಳಿಸಿ ಶಾಲೆಗೆ ಕರ್ಕೊಂಡು ಹೋದರು."

ಅತ್ತೆಯ ಕಥೆ ಬೇರೆ. ಸೊಸೆ ಮಗುವನ್ನು ಎತ್ತಿಕೊಂಡು ತಾರಸಿ ಸೇರಿದವಳೇ ಬಾಗಿಲಿನ ಚಿಲಕ ಹಾಕಿಕೊಂಡಳು. ಮಗ ಬಾಗಿಲು ಬಡಿದು ಬಡಿದು ಸತ್ತ. ಅಕ್ಕಪಕ್ಕದ ತಾರಸಿಯವರು ಆ ಮಳೆಯಲ್ಲಿ ಕಂಡದ್ದು ಒಬ್ಬ ಹೆಂಗಸು, ಒಂದು ಮಗು, ಅಷ್ಟೇ. ನಿರಾಶ್ರಿತರ ಶಾಲೆಯಲ್ಲಿ ಕಥೆಗೆ ಕೈಕಾಲು ಮೂಡಿತು. ಬಿದ್ದವರಿಗೆ ಆಳಿಗೊಂದು ಕಲ್ಲು.

"ಬಾಗಿಲು ಹಾಕಿಕೊಂಡವಳ ಕೈಗೆ ನನ್ನ ಮೊಮ್ಮಗಳನ್ನ ಬಿಡೋಲ್ಲ," ಎಂದಿದ್ದಳು ಅತ್ತೆ. ಇವತ್ತು ಸಂಜೆಯ ಬಸ್ಸಿಗೆ ಮಗುವಿನ ಜೊತೆ ಅವಳು ತನ್ನೂರಿಗೆ ಹೊರಡುವವಳಿದ್ದಳು. ಸಂಜೆಗೇ ಆಸ್ಪತ್ರೆಯ ಮಂಜುಗಡ್ಡೆ ಕೋಣೆಯ ಹೆಣಗಳೆಲ್ಲ, ಅಂಗಡಿಯವನದೂ ಸೇರಿ, ಒಂದೇ ಗುಂಡಿಗೆ ಹೋಗುವುದಿತ್ತು. ಆಮೇಲೆ ಯಾರೂ ಯಾವುದನ್ನೂ ಸಾಬೀತು ಮಾಡುವ ಹಾಗಿಲ್ಲ.

ಆಗ ಬಾಗಿಲಲ್ಲಿ ದಫೇದಾರ ಕಾಣಿಸಿಕೊಂಡ. ಹೊಟ್ಟೆ ಮೊದಲು ಒಳಗೆ ಬಂತು, ಅವನು ಆಮೇಲೆ.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಮೇಡಂ. ಶಾಲೆಯಿಂದ ಇಲ್ಲೀತನಕ ನಡೆದು ಬಂದದ್ದಕ್ಕೆ ನನ್ನ ಬಾಯಿಗೂ ಕೆಸರೇ." ಬೂಟು ಒದರಿದ. "ಒಂದು ಒಳ್ಳೇ ಸುದ್ದಿ ಇದೆ. ಪುಟ್ಟಿ ಮಾತಾಡಿದಳಂತೆ."

ಮೆಟ್ಟಿಲ ಮೇಲಿದ್ದವಳು ತಲೆ ಎತ್ತಿದಳು. ನೆರೆ ಬಂದ ಮೇಲೆ ಪುಟ್ಟಿಯ ಬಾಯಿಂದ ಒಂದು ಸದ್ದೂ ಹೊರಟಿರಲಿಲ್ಲ.

"ಏನಂದಳು?"

"ಅದು ಗೊತ್ತಿಲ್ಲಮ್ಮ. ಗೊಂಬೆಮಾಮನ ಕಿವಿಯಲ್ಲಿ ಏನೋ ಹೇಳಿದಳಂತೆ. ಅವನನ್ನ ಕೇಳಿದರೆ, ಅದು ನಮ್ಮಿಬ್ಬರ ಗುಟ್ಟು ಅಂತ ನಗ್ತಾನೆ."

ದೊಡ್ಡಕ್ಕನ ಮುಖ ಸಡಿಲವಾಯಿತು. ಗೊಂಬೆಮಾಮ ಅವಳ ಬಳಗದವನೇ. ಬೇರೆಯವರು ಸಲಿಕೆ ಹಿಡಿದರೆ ಅವನು ಕೈಗೆ ಹಳೆ ಕಾಲುಚೀಲದ ಗೊಂಬೆ ತೊಟ್ಟು ಶಾಲೆಯ ಮಕ್ಕಳನ್ನು ನಗಿಸುತ್ತಿದ್ದ. "ಅವನ ಕೈಗೆ ಸಿಕ್ಕ ಮಗು ಮಾತಾಡದೆ ಇರೋದುಂಟಾ," ಎಂದಳು. "ಪುಟ್ಟಿ ಹತ್ತಿರ ದಿನಾ ಕೂತ್ಕೊಳ್ತಿದ್ದ, ಪಾಪ."

ಮೆಟ್ಟಿಲ ಮೇಲಿದ್ದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮಗಳ ಮೊದಲ ಮಾತು ತನಗೆ ಬರಲಿಲ್ಲ.

ಇನ್ಸ್‌ಪೆಕ್ಟರ್ ಮತ್ತೆ ದೊಡ್ಡಕ್ಕನ ಕಡೆ ತಿರುಗಿದಳು.

"ತೊಳೆದಿರಿ, ಸರಿ. ತೊಳೆಯುವಾಗ ಏನು ಕಂಡಿರಿ?"

"ಅದನ್ನ ಹೇಳುವಂತಿಲ್ಲ."

"ಯಾಕೆ?"

"ಇದು ನಮ್ಮ ನಿಯಮ. ತೊಳೆದವರು ಕಂಡದ್ದನ್ನ ಹೇಳುವಂತಿಲ್ಲ. ಸತ್ತವರು ತಮ್ಮ ಮೈ ಮುಚ್ಚಿಕೊಳ್ಳಲಾರರು, ಇನ್ಸ್‌ಪೆಕ್ಟರಮ್ಮ. ಅದಕ್ಕೇ ನೋಡಿದವರು ಬಾಯಿ ಮುಚ್ಚಿಕೊಳ್ಳಬೇಕು."

"ಠಾಣೆಗೆ ಕರೆಸಿ ಕೇಳಬೇಕಾಗುತ್ತೆ."

"ಕರೆಸಿ. ಅಲ್ಲಿಗೆ ಬರೋದೂ ನಾನೇ, ಬಾಯೂ ಇದೇ."

"ಕೋರ್ಟಿನಲ್ಲೂ ಹೀಗೇ ಅಂತೀರಾ?"

"ನಮ್ಮ ಮಂದಿರದ ದೊಡ್ಡ ಕೋರ್ಟು ಮೇಲಿದೆ."

"ಮೇಲಿನ ಕೋರ್ಟು ವಾಯಿದೆ ಮೇಲೆ ವಾಯಿದೆ ಹಾಕುತ್ತೆ, ಅಕ್ಕಾ," ಎಂದ ದಫೇದಾರ.

ಮೆಟ್ಟಿಲ ಮೇಲಿಂದ ಸಣ್ಣ ದನಿ ಬಂತು. "ನನಗೂ ಹೇಳೋಲ್ವಾ, ಅಕ್ಕ?"

ದೊಡ್ಡಕ್ಕನ ಕೈ ಏಪ್ರನ್ ಮೇಲೆ ಒಮ್ಮೆ ಸವರಿತು. "ನಿನಗೂ ಇಲ್ಲ ತಾಯಿ. ನಿನಗಂತೂ ಇಲ್ಲ."

ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಬಕೆಟ್ಟನ್ನು ನೋಡಿದಳು. ಪಕ್ಕದಲ್ಲಿ ಮಡಚಿಟ್ಟ ಬಿಳಿ ಬಟ್ಟೆಗಳು. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಗದರಿಸಿ ಫಲವಿಲ್ಲ. ಈ ಹೆಂಗಸು ಇಡೀ ಆಯುಷ್ಯ ಗದರಿಸಿಯೇ ಬಾಳಿದವಳು.

"ಹೊಸಬರಿಗೆ ತೊಳೆಯೋದನ್ನ ಹೇಗೆ ಕಲಿಸ್ತೀರಿ?"

"ಪಕ್ಕದಲ್ಲಿ ನಿಲ್ಲಿಸಿಕೊಂಡು."

"ನನಗೂ ಕಲಿಸಿ."

ದೊಡ್ಡಕ್ಕ ಕಣ್ಣು ಕಿರಿದು ಮಾಡಿದಳು.

"ನದಿ ಕೆಳಗೆ ಇನ್ನೂ ಹುಡುಕ್ತಾ ಇದ್ದಾರೆ. ಸಿಕ್ಕವರನ್ನ ನಮ್ಮ ಪೇದೆಗಳು ಗೋಣಿಯಲ್ಲಿ ಹಾಕಿ ಎಳೆದು ತರ್ತಾರೆ. ನನಗೆ ಬಂದರೆ ಅವರಿಗೂ ಕಲಿಸ್ತೀನಿ."

ಅದು ಸುಳ್ಳಾಗಿರಲಿಲ್ಲ. ಕಲಿಯಲು ಬಂದವರನ್ನು ಹಿಂದಕ್ಕೆ ಕಳಿಸುವುದು ದೊಡ್ಡಕ್ಕನಿಗೆ ಗೊತ್ತೂ ಇರಲಿಲ್ಲ. ಅವಳು ತೋಳು ಮಡಚಿಕೊಂಡಳು. "ಮಲಗೋಕೆ ಯಾರಾದರೂ ಬೇಕು."

ಎಲ್ಲರೂ ದಫೇದಾರನನ್ನು ನೋಡಿದರು.

"ಮೇಡಂ, ನನಗೆ ಹೆಂಡತಿ ಮಕ್ಕಳಿದ್ದಾರೆ."

"ಸುಮ್ಮನೆ ಮಲಗ್ರೀ."

"ಅಪಶಕುನ ಮೇಡಂ!"

"ಪಿಂಚಣಿ ಬರೋ ತನಕ ನಿಮಗೇನೂ ಆಗೋಲ್ಲ. ಮಲಗಿ."

ಮೇಜು ಕಿರುಗುಟ್ಟಿತು. ದಫೇದಾರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ದೇವರ ಹೆಸರು ಗೊಣಗತೊಡಗಿದ. ಬಳಗದ ಉಳಿದವರು ಸಲಿಕೆಗಳನ್ನು ಗೋಡೆಗೆ ಒರಗಿಸಿ ಹೊರಗೆ ಹೋದರು. ತೊಳೆಯುವಾಗ ಜನ ಇರಬಾರದು ಎಂಬುದೂ ನಿಯಮವೇ.

ದೊಡ್ಡಕ್ಕ ಬಟ್ಟೆಯನ್ನು ನೀರಿಗದ್ದಿ ಹಿಂಡಿದಳು. ದನಿ ತಾನಾಗಿಯೇ ತರಗತಿಯ ದನಿಯಾಯಿತು.

"ಮೊದಲು ಕೂದಲು. ಆಮೇಲೆ ಹಣೆ, ಕಣ್ಣು. ರೆಪ್ಪೆ ಒತ್ತಬಾರದು. ನೆರೆಯಲ್ಲಿ ಹೋದವರಿಗೆ ಹೆಚ್ಚು ನೀರು ಬೇಕಾಗೋದು ಮೂಗಿಗೆ, ಬಾಯಿಗೆ. ಉಸಿರಿಗಾಗಿ ಒದ್ದಾಡಿರ್ತಾರಲ್ಲ, ಕೆಸರು ಮರಳು ಎಲ್ಲ ಒಳಗೆ ಹೋಗಿರುತ್ತೆ. ಬೆರಳಿಗೆ ಬಟ್ಟೆ ಸುತ್ತಿ ಕೆನ್ನೆಯ ಒಳಗೆ, ನಾಲಿಗೆ ಕೆಳಗೆ. ಕೆಸರು ಬರೋದು ನಿಲ್ಲೋ ತನಕ ಬಿಡಬಾರದು. ಇಲ್ಲೇ ಬಹಳ ಹೊತ್ತು ಹಿಡಿಯುತ್ತೆ."

"ಸರಿ," ಎಂದಳು ಇನ್ಸ್‌ಪೆಕ್ಟರ್. "ಈಗ ಮಾತಿಲ್ಲದೆ ಒಮ್ಮೆ ಮಾಡಿ ತೋರಿಸಿ. ಈ ಕೋಣೆಯಲ್ಲಿ ತೊಳೆದ ಹಾಗೆ."

ದೊಡ್ಡಕ್ಕನ ಕೈ ನಿಂತಿತು.

"ಮಕ್ಕಳ ಉಪಾಯ ಮೇಷ್ಟ್ರಿಗೆ ಗೊತ್ತಾಗೋಲ್ಲ ಅಂದುಕೊಂಡಿರಾ?"

"ಗೊತ್ತಾಗುತ್ತೆ ಅಂತಲೇ ಕೇಳಿದೆ."

ಹೊರಗೆ ಯಾರೋ ತಳ್ಳುಗಾಡಿಯ ಕೆಸರನ್ನು ಬೀದಿಗೆ ಸುರಿದ ಸದ್ದು. ದೊಡ್ಡಕ್ಕ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಕುಳಿತವಳು ಏನನ್ನೂ ಬೇಡುತ್ತಿರಲಿಲ್ಲ. ಬೇಡಿದ್ದರೆ ಬಹುಶಃ ದೊಡ್ಡಕ್ಕ ಬಟ್ಟೆ ಕೆಳಗಿಡುತ್ತಿದ್ದಳು.

"ಹೇಳುವಂತಿಲ್ಲ ಅಂತ ಮಾತ್ರ ನಿಯಮ," ಎಂದಳು, ಯಾರಿಗೂ ಅಲ್ಲ ಎಂಬಂತೆ.

ಕೈ ಮತ್ತೆ ನಡೆಯಿತು. ಕೂದಲು. ತಲೆಯ ಹಿಂಭಾಗಕ್ಕೆ ಅಂಗೈ ಕೊಟ್ಟು ಎತ್ತಿದಳು. ಅಲ್ಲಿ ಬಟ್ಟೆ ಬಹಳ ಮೆಲ್ಲಗೆ ಆಡಿತು. ಮಡಿಕೆ ತಿರುಗಿಸಿ ಮತ್ತೆ ಒರೆಸಿದಳು. ಮೂರನೆಯ ಸಲಕ್ಕೆ ಆ ಬಟ್ಟೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ತೆಗೆದುಕೊಂಡಳು. ಹಣೆ. ಕಣ್ಣು. ಮೂಗು.

ತುಟಿಯ ಮೇಲೆ ಬಟ್ಟೆ ಒಂದು ಸಲ ಹಾದುಹೋಯಿತು. ಅಷ್ಟೇ. ಕೈ ಕುತ್ತಿಗೆಗೆ ಇಳಿಯಿತು.

ಬೆರಳಿಗೆ ಬಟ್ಟೆ ಸುತ್ತಲಿಲ್ಲ. ಬಹಳ ಹೊತ್ತು ಹಿಡಿಯುವ ಜಾಗದಲ್ಲಿ ಹೊತ್ತೇ ಹಿಡಿಯಲಿಲ್ಲ. ಕೆಸರಲ್ಲಿ ಮುಖ ಹುಗಿದು ಬಿದ್ದವನ ಬಾಯಲ್ಲಿ ತೆಗೆಯಲು ಕೆಸರೇ ಇರಲಿಲ್ಲ. ತಲೆಯ ಹಿಂದೆ ಪೆಟ್ಟು ಬಿದ್ದು, ಕೆಸರಿಗೆ ಬೀಳುವ ಹೊತ್ತಿಗೆ ಅವನು ಉಸಿರಾಡುತ್ತಿರಲಿಲ್ಲ.

ದೊಡ್ಡಕ್ಕ ತಲೆ ಎತ್ತದೆ ಹೇಳಿದಳು, "ಕೆಲವರಿಗೆ ದೇವರು ಒದ್ದಾಡಿಸದೆ ಕರ್ಕೊಳ್ತಾನೆ. ನಾನು ಅದನ್ನ ಕೃಪೆ ಅಂದುಕೊಂಡೆ."

ಕೃಪೆ! ಇನ್ಸ್‌ಪೆಕ್ಟರ್ ನಾಲಿಗೆ ಕಚ್ಚಿಕೊಂಡಳು.

ಬಲಗೈ ಬೇಗ ಮುಗಿಯಿತು. ಎಡಗೈಗೆ ಬಂದಾಗ ದೊಡ್ಡಕ್ಕ ಬಿಸಿನೀರಿನ ಚೊಂಬು ಹುಡುಕುವಂತೆ ಸುತ್ತ ನೋಡಿ, ಸಿಗದೆ, ಬಕೆಟ್ಟಿನ ತಣ್ಣೀರನ್ನೇ ದಫೇದಾರನ ಮಣಿಕಟ್ಟಿಗೆ ಸುರಿದಳು. ಎರಡೂ ಹೆಬ್ಬೆರಳಿನಿಂದ ಉಜ್ಜಿದಳು, ಕಾದಳು. ಮತ್ತೆ ಸುರಿದಳು, ಮತ್ತೆ ಉಜ್ಜಿದಳು. ಆಮೇಲೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಹಲ್ಲು ಕಚ್ಚಿ ಬಿಡಿಸಿದಳು. ದಫೇದಾರನ ಕೈ ಮೊದಲೇ ತೆರೆದಿತ್ತು. ಅವಳ ಕೈಗೆ ಅದು ಕಾಣಿಸುತ್ತಿರಲಿಲ್ಲ.

ಅಂಗೈಯಿಂದ ಏನೋ ಹೆಕ್ಕಿ ಏಪ್ರನ್ ಜೇಬಿಗೆ ಹಾಕಿಕೊಂಡಳು.

"ಅದೇನು?" ಎಂದಳು ಇನ್ಸ್‌ಪೆಕ್ಟರ್.

"ಅದಾ?" ದೊಡ್ಡಕ್ಕ ನಿದ್ದೆಯಿಂದೆದ್ದಂತೆ ನೋಡಿದಳು. "ಅದು ಅವರದ್ದಲ್ಲ, ನಮ್ಮದು. ಹಾಗಾಗಿ ಹೇಳಬಹುದು. ಮಣಿ. ಇವರು ಸಿಗೋ ಹಿಂದಿನ ದಿನ, ನಾವು ಬಂದಿಳಿದ ದಿನವೇ, ನಮ್ಮಲ್ಲಿ ಒಬ್ಬರ ಮಣಿ ಕಳೆದಿತ್ತು. ಮಣಿ ಕಳೆದರೆ ಸಿಗೋ ತನಕ ಎಲ್ಲರಿಗೂ ಸಂಕಟ. ಮಾರನೇ ಬೆಳಿಗ್ಗೆ ಇವರನ್ನ ಎತ್ತೋಕೆ ಮೊದಲು ಮುಂದೆ ಬಂದವನೂ ಅವನೇ. ತೊಳೆಯುವಾಗ ನೋಡ್ತೀನಿ, ಈ ಕೈಯೊಳಗೆ ಮಣಿ! ಎತ್ತುವಾಗ ಜಾರಿರಬೇಕು ಅಂದ. ವಾಪಸ್ ಕೊಟ್ಟೆ. ಕಳೆದದ್ದು ಸಿಕ್ಕಿತಲ್ಲ ಅಂತ ಎಲ್ಲರೂ ಸೇರಿ ಒಂದು ಹಾಡು ಹೇಳಿದೆವು, ಇಲ್ಲೇ ನಿಂತು."

"ಹಿಂದಿನ ದಿನವೇ ಕಳೆದಿತ್ತು ಅಂದಿರಿ. ಬೆಳಿಗ್ಗೆ ಎತ್ತುವಾಗ ಹೇಗೆ ಜಾರುತ್ತೆ?"

ದೊಡ್ಡಕ್ಕ ಏಪ್ರನ್ ಜೇಬಿನ ಮೇಲೆ ಕೈಯಿಟ್ಟಳು.

ಇನ್ಸ್‌ಪೆಕ್ಟರ್ ದಫೇದಾರನ ಒದ್ದೆ ಕೈಯನ್ನು ಎತ್ತಿ ಹಿಡಿದು, ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿದಳು.

"ಆ ಕೈಯನ್ನ ಬಿಡಿಸೋಕೆ ನೀವು ಎಷ್ಟು ಕಷ್ಟಪಟ್ಟಿರಿ ಅಂತ ಈಗ ನೋಡಿದೆ. ನೀವೇನೂ ಹೇಳಿಲ್ಲ, ನಿಮ್ಮ ನಿಯಮ ಮುರಿದಿಲ್ಲ. ಹಾಗೆ ಬಿಗಿದ ಮುಷ್ಟಿಯೊಳಗೆ ಹೊರಗಿಂದ ಮಣಿ ಬೀಳುತ್ತಾ, ದೊಡ್ಡಕ್ಕ? ಬದುಕಿದ್ದಾಗ ಹಿಡಿದದ್ದನ್ನೇ ಅವರು ಬಿಡದೆ ಇದ್ದದ್ದು."

ಬಟ್ಟೆ ಬಕೆಟ್ಟಿಗೆ ಬಿತ್ತು.

ಮೊದಲು ಮಾತಾಡಿದ್ದು ಮೆಟ್ಟಿಲ ಮೇಲಿದ್ದವಳು. ಅವಳ ದನಿ ಯಾರದೋ ಲೆಕ್ಕ ಒಪ್ಪಿಸುವವಳಂತೆ ಸಪ್ಪಗಿತ್ತು.

"ನಿಮ್ಮ ಲಾರಿ ಬಂದದ್ದು ಬೆಳಿಗ್ಗೆ. ನಿಮ್ಮ ಮಣಿ ಇವರ ಕೈಗೆ ಸಿಕ್ಕಿದೆ ಅಂದರೆ, ಬೆಳಿಗ್ಗೆ ಇವರು ಬದುಕಿದ್ದರು."

"ಹೌದಮ್ಮ," ಎಂದಳು ಇನ್ಸ್‌ಪೆಕ್ಟರ್.

"ನಾನು ಬಾಗಿಲು ಹಾಕಿಕೊಂಡಿರಲಿಲ್ಲ."

"ಇಲ್ಲ."

ಅವಳು ಎದ್ದು ನಿಂತಳು. ಕೂತು ಕೂತು ಕಾಲು ಜೋಮು ಹಿಡಿದಿರಬೇಕು, ಗೋಡೆ ಹಿಡಿದುಕೊಂಡಳು. ಅಂಗೈಗೆ ನೀರಿನ ಗೆರೆಯ ಹುಡಿ ಮೆತ್ತಿತು. "ಅತ್ತೆಗೆ ಹೇಳಬೇಕು. ಬಸ್ಸಿಗೆ ಮೊದಲು."

"ಹೇಳೋಣ. ದಫೇದಾರ್ರೇ, ಏಳಿ. ಆಸ್ಪತ್ರೆಗೆ ಹೋಗಿ. ಇವರ ಹೆಣ ಗುಂಡಿಗೆ ಹೋಗಬಾರದು. ನಾನು ಹೇಳಿದೆ ಅಂತ ಹೇಳಿ."

ದಫೇದಾರ ಕಣ್ಣು ಬಿಟ್ಟ. ಅವನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

ಊರಿಗೆ ಬಂದು ಇಳಿದ ದಿನವೇ, ಮುಖ ಪರಿಚಯವೂ ಇಲ್ಲದ ಅಂಗಡಿಯವನನ್ನು ಹೊರಗಿನವನೊಬ್ಬ ಯಾಕೆ ಕೊಲ್ಲಬೇಕು? ಮುಖ ಪರಿಚಯ ಇರಲಿಲ್ಲ ಎಂದು ಹೇಳಿದವರು ಯಾರು? ಇನ್ಸ್‌ಪೆಕ್ಟರ್ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟಳು. ಮೊದಲು ಬೇರೆಯದು ಕೇಳಬೇಕಿತ್ತು.

"ಮಣಿ ಯಾರದು, ದೊಡ್ಡಕ್ಕ?"

ದೊಡ್ಡಕ್ಕ ಮೇಜಿನ ಅಂಚು ಹಿಡಿದಳು. ಇಷ್ಟು ಹೊತ್ತು ಎತ್ತರದ ಹೆಂಗಸಾಗಿದ್ದವಳು ಈಗ ಅಷ್ಟು ಎತ್ತರ ಇರಲಿಲ್ಲ.

"ಕಾಲಿಗೆ ಬಿದ್ದವರನ್ನ ಎತ್ತೋ ಹುಡುಗ ಅವನು. ಅವನಿಗೆ ನಾನೇ ಕಟ್ಟಿದ ಮಣಿ."

"ಯಾರು?"

"ಗೊಂಬೆಮಾಮ."

ಎಲ್ಲರಿಗೂ ಒಟ್ಟಿಗೆ ಅದೇ ನೆನಪಾಯಿತು. ಅಪ್ಪನ ಹಿಂದೆ ಅರ್ಧ ಮೆಟ್ಟಿಲಿಗೆ ಹೋಗಿ ವಾಪಸ್ ಬಂದ ಮಗು. ಅವತ್ತಿನಿಂದ ಬಾಯಿ ಬಿಡದ ಮಗು. ದಿನಾ ಅದರ ಪಕ್ಕದಲ್ಲೇ ಕೂತು, ಅದು ಬಾಯಿ ಬಿಡುವುದನ್ನೇ ಕಾಯುತ್ತಿದ್ದವನು. ಇವತ್ತು ಅದು ಬಾಯಿ ಬಿಟ್ಟಿತ್ತು, ಅವನ ಕಿವಿಯಲ್ಲಿ.

ತಾಯಿ ಆಗಲೇ ಬೀದಿಯಲ್ಲಿದ್ದಳು.

ಬರಿಗಾಲಲ್ಲಿ ಓಡಿದಳು. ಬೀದಿಯ ಎರಡೂ ಬದಿಗೆ ಮನೆಗಳ ಹೊಟ್ಟೆಯೊಳಗಿನದೆಲ್ಲ ರಾಶಿ ಬಿದ್ದಿತ್ತು: ಹಾಸಿಗೆ, ಬೀರು, ಹೊಲಿಗೆ ಯಂತ್ರ. ಇನ್ಸ್‌ಪೆಕ್ಟರ್ ಹಿಂದೆ ಓಡಿದಳು, ಅವಳ ಹಿಂದೆ ದೊಡ್ಡಕ್ಕನ ರಬ್ಬರ್ ಬೂಟಿನ ಸದ್ದು. ಹೊಸ್ತಿಲ ಹೊರಗೆ ನಿಂತಿದ್ದ ಬಳಗದವರು ಅರ್ಧ ಹಾಡಿಗೆ ನಿಂತು ನೋಡಿದರು.

ಶಾಲೆಯ ಜಗುಲಿಯಲ್ಲಿ ಮಕ್ಕಳು ವೃತ್ತವಾಗಿ ಕೂತಿದ್ದರು. ಕಾಲುಚೀಲದ ಗೊಂಬೆಗಳು ಮಕ್ಕಳ ಕೈಯಲ್ಲೇ ಇದ್ದವು. ನಡುವೆ ಗೊಂಬೆಮಾಮ ಕೂರುವ ಸ್ಟೂಲು ಖಾಲಿ.

ಕಂಬದ ಬುಡದಲ್ಲಿ ಅತ್ತೆ ಚೀಲ ಕಟ್ಟಿಕೊಂಡು ಕುಳಿತಿದ್ದಳು. ಸೊಸೆಯನ್ನು ಕಂಡು ಮುಖ ಬಿಗಿದುಕೊಂಡಳು, ಆಮೇಲೆ ಯಾಕೋ ಸಡಿಲಿಸಿದಳು.

"ಆಯ್ತಲ್ಲ? ಕಣ್ತುಂಬ ನೋಡಿದೆಯಲ್ಲ?" ಎಂದಳು. "ನನ್ನದೂ ಕಲ್ಲೆದೆ ಅಲ್ಲ ಕಣೇ. ಹೋಗೋಕೆ ಮೊದಲು ಒಂದು ಸಲ ಅಮ್ಮನ ಹತ್ತಿರ ಬಿಟ್ಟು ಕರ್ಕೊಂಡು ಬರ್ತೀನಿ ಅಂತ ಆ ಗೊಂಬೆ ಹುಡುಗ ಕೇಳಿದ. ಕೈ ಮುಗಿದು ಕೇಳಿದ. ಕಳಿಸಿದೆ."

ಶಾಲೆಗೂ ಆ ಮನೆಗೂ ನಡುವೆ ಇರುವುದು ಒಂದೇ ಬೀದಿ. ಆ ಬೀದಿಯಲ್ಲೇ ಅವರು ಓಡಿ ಬಂದದ್ದು.

ಅತ್ತೆ ಸೊಸೆಯ ಹಿಂದೆ ನೋಡಿದಳು. ಇನ್ಸ್‌ಪೆಕ್ಟರಿನ ಹಿಂದೆ ನೋಡಿದಳು. ಏದುಸಿರು ಬಿಡುತ್ತ ಬಂದು ನಿಂತ ದೊಡ್ಡಕ್ಕನ ಹಿಂದೆಯೂ ನೋಡಿದಳು.

"ಪುಟ್ಟಿ ಎಲ್ಲಿ?"

ಅತ್ತೆಯ ಬಲಗೈ ಮಡಿಲಲ್ಲಿ ಮುಷ್ಟಿ ಕಟ್ಟಿತ್ತು. ಅದು ನೆನಪಾದವಳಂತೆ ಅವಳು ಅದನ್ನು ದೊಡ್ಡಕ್ಕನ ಮುಂದೆ ಚಾಚಿದಳು.

"ಇದನ್ನ ನಿಮಗೆ ಕೊಡೋಕೆ ಹೇಳಿದ. ಇನ್ನು ತನಗೆ ಬೇಕಾಗೋಲ್ಲವಂತೆ."

ಬೆರಳುಗಳು ಬಿಚ್ಚಿಕೊಂಡವು. ಅಂಗೈಯ ಮೇಲೆ ಹಳದಿ ದಾರ, ಗಂಟು ಬಿಚ್ಚಿದ್ದು, ಅದರಲ್ಲಿ ಒಂದು ಮರದ ಮಣಿ.